ಗುಡ್ಡದ ಹುಳಿ ಮಣ್ಣಿಗೆ ಯಾವ ಮೇವು?



ಹಸು ಸಾಕುವವರಿಗೆ ಹಿಂಡಿಯ ಲೆಕ್ಕ ನಾವು ಹೇಳಿಕೊಡಬೇಕಾಗಿಲ್ಲ. ಹಾಲಿನ ದುಡ್ಡು ಕೈಗೆ ಬರುವ ಮೊದಲೇ ಅಂಗಡಿಗೆ ಹೋಗಿರುತ್ತದೆ, ಸಂಘದ ಸಾಲದ ಕಂತು ಬಾಕಿ ಉಳಿಯುತ್ತದೆ. ಅದಕ್ಕೇ ಇವತ್ತು ಹುರುಳಿ, ಅಲಸಂಡೆಯ ಜಾತಿಗೆ ಸೇರಿದ ದ್ವಿದಳ ಮೇವಿನ ಬಗ್ಗೆ ಮಾತಾಡೋಣ. ಹುಲ್ಲಿಗಿಂತ ಇದರಲ್ಲಿ ಪ್ರೋಟೀನು ಹೆಚ್ಚು.

ಮೊದಲು ನಮ್ಮ ತಪ್ಪನ್ನು ಹೇಳುತ್ತೇವೆ. ಒಂದು ವರ್ಷ ಬಯಲುಸೀಮೆಯಲ್ಲಿ ಚೆನ್ನಾಗಿ ಬರುವ ಕುದುರೆ ಮಸಾಲೆ ಸೊಪ್ಪಿನ ಬೀಜ ತರಿಸಿ ಗುಡ್ಡದ ಬದಿಯಲ್ಲಿ ಬಿತ್ತಿಸಿದೆವು. ಮೊಳಕೆ ಬಂತು, ಹಳದಿಯಾಯಿತು, ಸತ್ತೇ ಹೋಯಿತು. ಬೀಜದ ದೋಷ ಅಲ್ಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ. ಮಣ್ಣಿನ ಸುಣ್ಣದ ಅಂಶ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿಯುತ್ತದೆ, ಮುರ ಮಣ್ಣು ಹುಳಿಯಾಗುತ್ತದೆ. ಇದ್ದಷ್ಟು ರಂಜಕವನ್ನೂ ಅದು ಹಿಡಿದಿಟ್ಟುಕೊಳ್ಳುತ್ತದೆ, ಬೇರಿಗೆ ಬಿಟ್ಟುಕೊಡುವುದಿಲ್ಲ. ಕುದುರೆ ಮಸಾಲೆಗಾಗಲಿ ಅದರ ಬೇರುಗಂಟಿನ ಸೂಕ್ಷ್ಮಜೀವಿಗಾಗಲಿ ಈ ಹುಳಿ ಆಗದು.

ಹಾಗಾದರೆ ಯಾವುದು ಆಗುತ್ತದೆ? ಮಳೆ ಬಿಡುವ ಹೊತ್ತಿಗೆ ದನ ಮೇಯುವ ಪದವಿಗೆ ಹೋಗಿ ಬಗ್ಗಿ ನೋಡಿ. ನೆಲಕ್ಕೆ ಅಂಟಿ ಹರಡುವ, ಮೂರು ಪುಟ್ಟ ಎಲೆಯ, ಸೀರೆ ಅಂಚಿಗೆ ಕಾಯಿ ಅಂಟಿಸುವ ಒಂದು ಗಿಡ ಉಂಟು. ಪುಸ್ತಕದಲ್ಲಿ ಅದು ಡೆಸ್ಮೋಡಿಯಂ ಟ್ರೈಫ್ಲೋರಂ. ದನ ಮೇದರೂ ತುಳಿದರೂ ಅದು ಸಾಯುವುದಿಲ್ಲ, ಆದರೆ ಕತ್ತಿಗೆ ಸಿಗುವಷ್ಟು ಎತ್ತರ ಬೆಳೆಯದು. ಕೊಯ್ದು ಹಾಕುವವರಿಗೆ ಆಲಿಸಿಕಾರ್ಪಸ್ ಒಳ್ಳೆಯದು: ಒಂಟಿ ಎಲೆ, ಗಣ್ಣು ಗಣ್ಣಾದ ಸಣ್ಣ ಕಾಯಿ. ಸ್ಟೈಲೋ ಕೂಡ ಹುಳಿ ತಾಳುತ್ತದೆ, ಆದರೆ ಅದು ಅಮೆರಿಕ ಖಂಡದಿಂದ ಬಂದದ್ದು.

ಬೀಜಕ್ಕೆ ಗಿಡ ಆರಿಸುವಾಗ ಎಳೆದು ಕೀಳಬೇಡಿ, ಬೇರಿನ ಗಂಟು ಮಣ್ಣಲ್ಲೇ ಉಳಿದುಬಿಡುತ್ತದೆ. ಮಣ್ಣು ಸಮೇತ ಅಗೆದು, ನೀರಲ್ಲಿ ಅದ್ದಿ, ಒಂದು ಗಂಟನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಇದ್ದರೆ ಗಾಳಿಯ ಸಾರಜನಕ ಹಿಡಿಯುತ್ತಿದೆ ಎಂದು ತಿಳಿಯಿರಿ. ಬರೇ ಬಿಳಿ ಅಥವಾ ಹಸಿರಾಗಿದ್ದರೆ ಬೇರೆ ಗಿಡ ನೋಡಿ.

ಒಂದು ಎಚ್ಚರ. ದ್ವಿದಳವೆಲ್ಲ ಮೇವಲ್ಲ. ಗುಲಗಂಜಿಯೂ ದ್ವಿದಳವೇ, ಅದರ ಬೀಜ ಎಂಥಾ ವಿಷ ಅಂತ ನಿಮಗೆ ಗೊತ್ತು. ಒಣಗಿದ ಕಾಯಿ ಗಿಲಕಿಯಂತೆ ಸದ್ದು ಮಾಡುವ ಗಿಡಗಳಲ್ಲೂ ವಿಷದವು ಇವೆ. ದನ ತಾನಾಗಿ ಮೇಯದ್ದನ್ನು ತರಲೇಬೇಡಿ.

ಬೀಜದ ಸಿಪ್ಪೆ ಗಟ್ಟಿ. ದೊರಗು ಮರಳಲ್ಲಿ ಉಜ್ಜಿ, ರಾತ್ರಿ ನೆನೆಸಿ, ಜೂನ್ ಮಳೆ ಹಿಡಿದ ಮೇಲೆ ಸುಡುಮಣ್ಣು, ಹಟ್ಟಿಗೊಬ್ಬರ ಹಾಕಿ ಬಿತ್ತಿ. ಮೊದಲ ವರ್ಷ ಒಂದು ಸೆಂಟ್ಸ್ ಜಾಗ ಸಾಕು. ಮುಂದಿನ ಸಭೆಗೆ ಬರುವಾಗ ಒಬ್ಬೊಬ್ಬರೂ ಬೇರು ಸಮೇತ ಒಂದು ಗಿಡ ತನ್ನಿ, ಒಟ್ಟಿಗೆ ಕೂತು ಗಂಟು ಸೀಳಿ ನೋಡೋಣ.