ಬೂಷ್ಟು ಹಿಡಿದ ಕಾಳು, ಎಳೆಯ ಹಂದಿಮರಿ



ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಕೊಳ್ಳುವವರಿಲ್ಲ. ‘ಹಂದಿಗಾದರೂ ಆದೀತು’ ಎಂದುಕೊಂಡು ನಾವು ಅದನ್ನು ಕೊಟ್ಟಿಗೆಗೆ ಒಯ್ಯುತ್ತೇವೆ. ಚಿತ್ರೀಕರಣಕ್ಕೆ ಹೋಗಿದ್ದ ಒಂದು ಮನೆಯಲ್ಲಿ ನಾನು ಕಂಡದ್ದೂ ಇದನ್ನೇ. ತಾಯಿ ಹಾಲು ಬಿಡಿಸಿದ ಹನ್ನೊಂದು ಮರಿಗಳು ತೊಟ್ಟಿಯ ಬಳಿ ಬಂದು, ಮೂಸಿ, ಹಿಂದೆ ಸರಿಯುತ್ತಿದ್ದವು. ಕ್ಯಾಮೆರಾಕ್ಕೆ ಬೆದರಿದವೆಂದು ನಾವು ತಿಳಿದೆವು. ಮನೆಯಾಕೆ ಹೇಳಿದರು: “ಇಲ್ಲ ಸಾರ್, ನಾಲ್ಕು ದಿನದಿಂದ ಹೀಗೇ. ವಿಷ ಹೀರೋ ಪುಡೀನೂ ಬೆರೆಸಿದ್ದೀನಿ.” ಸಾಲ ಮಾಡಿ ಕಟ್ಟಿದ ಕೊಟ್ಟಿಗೆ, ಮರಿಗಳು ಬೆಳೆದರೆ ತಾನೇ ಕಂತು ತೀರುವುದು?

ಆ ಪುಡಿ ಬೆಂಟೊನೈಟ್ ಎಂಬ ಜೇಡಿಮಣ್ಣು. ಪುಡಿ ಒಳ್ಳೆಯದೇ. ಆದರೆ ಎಲ್ಲ ಬೂಷ್ಟಿನ ವಿಷಕ್ಕೂ ಅದು ಮದ್ದಲ್ಲ. ಇವತ್ತು ನಾನು ಹೇಳಬೇಕಾದ ಮಾತು ಇಷ್ಟೇ.

ಬೂಷ್ಟಿನ ವಿಷ ಒಂದಲ್ಲ, ಹಲವು. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಅವು ತಿಂದಿದ್ದ ಶೇಂಗಾ ಹಿಂಡಿಯಿಂದ ಪತ್ತೆಯಾದದ್ದು ಅಫ್ಲಟಾಕ್ಸಿನ್. ಇದು ಮರಿಯ ಯಕೃತ್ತನ್ನು ಕೆಡಿಸಿ, ಬೆಳವಣಿಗೆಯನ್ನೂ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುತ್ತದೆ. ಡಿಆಕ್ಸಿನಿವಲೆನಾಲ್ ಎಂಬ ಇನ್ನೊಂದು ವಿಷದಿಂದ ಹಂದಿ ಮೇವು ಬಿಡುತ್ತದೆ, ವಾಂತಿ ಮಾಡುತ್ತದೆ. ಜಿಯರಲೆನೋನ್ ಇದ್ದರೆ ಎಳೆಯ ಹೆಣ್ಣುಮರಿಯ ಜನನಾಂಗ ಊದಿಕೊಳ್ಳುತ್ತದೆ. ಫ್ಯುಮೊನಿಸಿನ್ ಹೆಚ್ಚಾದರೆ ಹಂದಿಯ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಇದೇನೂ ದೂರದ ದೇಶದ ಮಾತಲ್ಲ. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ, ಮಳೆಗೆ ಕೆಟ್ಟ ಜೋಳ ಮತ್ತು ಮೆಕ್ಕೆಜೋಳ ಉಂಡ ಜನರಿಗೇ ಈ ಫ್ಯುಮೊನಿಸಿನ್‌ನಿಂದ ಹೊಟ್ಟೆನೋವು, ಭೇದಿ ಕಾಣಿಸಿಕೊಂಡಿತ್ತು.

ಬೆಂಟೊನೈಟ್ ಮಾಡುವುದೇನು? ಅದರ ಕಣ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುತ್ತದೆ. ಚಪ್ಪಟೆಯಾದ ಅಫ್ಲಟಾಕ್ಸಿನ್ ಅಣು ಆ ಪದರಗಳ ನಡುವೆ ಸಿಕ್ಕಿಕೊಂಡು ಸಗಣಿಯ ಜೊತೆ ಹೊರಗೆ ಹೋಗುತ್ತದೆ. ವಾಂತಿ ತರಿಸುವ ವಿಷದ ಅಣು ಅಲ್ಲಿ ನಿಲ್ಲುವುದಿಲ್ಲ. ಅದಕ್ಕೆಂದೇ ಐರೋಪ್ಯ ಒಕ್ಕೂಟವು 2013ರಲ್ಲಿ ಬೆಂಟೊನೈಟ್‌ಗೆ ಅಫ್ಲಟಾಕ್ಸಿನ್ ಒಂದರ ಮಟ್ಟಿಗೆ ಒಪ್ಪಿಗೆ ಕೊಟ್ಟಿತು. ಮಿತಿ, ಒಂದು ಕಿಲೋ ಆಹಾರಕ್ಕೆ 20 ಗ್ರಾಂ. ಅದೇ ವರ್ಷ, ವಾಂತಿಯ ವಿಷವನ್ನು ಕರುಳಿನಲ್ಲೇ ಒಡೆಯುವ ಒಂದು ಬ್ಯಾಕ್ಟೀರಿಯಾಕ್ಕೂ, 2014ರಲ್ಲಿ ಫ್ಯುಮೊನಿಸಿನ್ ಒಡೆಯುವ ಕಿಣ್ವಕ್ಕೂ ಹಂದಿಯ ಆಹಾರದಲ್ಲಿ ಬಳಸಲು ಒಪ್ಪಿಗೆ ಸಿಕ್ಕಿತು. ಹೀಗೆ ಬೀಗಕ್ಕೆ ತಕ್ಕ ಕೀಲಿ ಬೇಕು. ಜೇಡಿಮಣ್ಣು ಕೆಲವು ಔಷಧಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಮರಿಗೆ ಬಾಯಿಯ ಮೂಲಕ ಔಷಧ ಕೊಡುತ್ತಿದ್ದರೆ ಪಶುವೈದ್ಯರಿಗೆ ತಿಳಿಸಿಯೇ ಪುಡಿ ಬೆರೆಸಿ.

‘ಕುದಿಸಿದರೆ ಆಗದೇ?’ ಎಂದು ನೀವು ಕೇಳಬಹುದು. ಕುದಿಸಿದರೆ ಬೂಷ್ಟು ಸಾಯುತ್ತದೆ, ವಿಷ ಉಳಿಯುತ್ತದೆ. ಪ್ರೊಪಿಯಾನಿಕ್ ಆಮ್ಲದಂಥ ಬೂಷ್ಟುನಿರೋಧಕಗಳೂ ಅಷ್ಟೇ. ಹೊಸದಾಗಿ ಬೂಷ್ಟು ಬೆಳೆಯದಂತೆ ತಡೆದಾವು, ಆಗಲೇ ಸೇರಿರುವ ವಿಷವನ್ನು ತೆಗೆಯಲಾರವು.

ಎಳೆಯ ಮರಿಯ ವಿಷಯದಲ್ಲಿ ಎಚ್ಚರ ಹೆಚ್ಚೇ ಬೇಕು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಕೊಬ್ಬಿಸುವ ದೊಡ್ಡ ಹಂದಿಯ ಮೆಕ್ಕೆಜೋಳದಲ್ಲಿ ಟನ್ನಿಗೆ 200 ಮಿಲಿಗ್ರಾಂವರೆಗೆ ಅಫ್ಲಟಾಕ್ಸಿನ್ ಇರಬಹುದೆನ್ನುತ್ತದೆ. ಎಳೆಯ ಪ್ರಾಣಿಗಳಿಗೆ ಆ ಮಿತಿ 20 ಮಾತ್ರ.

ಹಾಗಾದರೆ ನೀವು ಮಾಡಬೇಕಾದದ್ದೇನು? ಕಾಳಿನ ತೇವ ನೂರಕ್ಕೆ 13ಕ್ಕೆ ಇಳಿಯುವತನಕ ಒಣಗಿಸಿ. ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಜೋಡಿಸಿ. ಜರಡಿ ಹಿಡಿದು ನುಚ್ಚು, ದೂಳು ತೆಗೆಯಿರಿ. ವಿಷ ಹೆಚ್ಚಾಗಿ ಸೇರಿರುವುದು ಅಲ್ಲೇ. ಅನುಮಾನವಿದ್ದರೆ ಹತ್ತಾರು ಕಡೆಯಿಂದ ಹಿಡಿ ಹಿಡಿ ಕಾಳು ತೆಗೆದು, ಬೆರೆಸಿ, ಪರೀಕ್ಷೆಗೆ ಕಳಿಸಿ. ಯಾವ ವಿಷವೆಂದು ತಿಳಿದ ಮೇಲೆ ಪುಡಿ ಕೊಳ್ಳಿ. ಮರಿಗಳು ಮೇವು ಬಿಟ್ಟರೆ ಮೊದಲು ಆ ಕಾಳನ್ನೇ ನಿಲ್ಲಿಸಿ.

ಆ ಮನೆಯಾಕೆಗೆ ನಮ್ಮ ಜೊತೆ ಬಂದಿದ್ದ ಪಶುವೈದ್ಯರು ಹೇಳಿದ್ದೂ ಅದನ್ನೇ. ತೊಟ್ಟಿ ತೊಳೆದು ಒಳ್ಳೆಯ ಕಾಳಿನ ಮೇವು ಹಾಕಿದಾಗ ಸಂಜೆಯ ಹೊತ್ತಿಗೆ ಮರಿಗಳು ಬಾಯಿ ಹಾಕಿದವು. ಆಕೆ ಕೆಟ್ಟ ಚೀಲವನ್ನು ತೋರಿಸಿ, “ಇದನ್ನ ಹಸೂಗೆ ಹಾಕ್ಲಾ?” ಎಂದರು.

ಬೇಡ. ಹಸು ತಿಂದ ಅಫ್ಲಟಾಕ್ಸಿನ್ ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ. ಆ ಹಾಲು ಕುಡಿಯುವುದು ನಮ್ಮ ಮನೆಯ ಮಕ್ಕಳೇ ಅಲ್ಲವೇ?