ಗೋಡೆ ಪತ್ರಿಕೆಗೆ ನಮ್ಮದೇ ಮುಖ



ಸಂಘದ ಕೊಠಡಿಯಲ್ಲಿ ನಾವು ಅಂಟಿಸಿದ ಮೊದಲ ಗೋಡೆ ಪತ್ರಿಕೆಯನ್ನು ಎಲ್ಲರೂ ಹೊಗಳಿದರು. ನಿಂತು ಓದಿದವರು ಮಾತ್ರ ಇಲ್ಲ. ದೊಡ್ಡ ವಾರಪತ್ರಿಕೆಯೊಂದನ್ನು ನೋಡಿ ತಿದ್ದಿದ ಅಕ್ಷರ, ಕ್ಯಾಲೆಂಡರಿನಿಂದ ಕತ್ತರಿಸಿದ ಹೂವು. ಅದರಲ್ಲಿ ನಾವೆಲ್ಲಿದ್ದೆವು?

ಎರಡನೆಯ ಸಲ ಹೆಸರನ್ನು ನಮ್ಮ ದೋಸೆ ಹುಯ್ಯುವ ಅಣ್ಣನ ಕೈಯಲ್ಲೇ ಬರೆಸಿದೆವು. ಒತ್ತಕ್ಷರ ಸ್ವಲ್ಪ ಕುಂಟಿತು, ಕುಂಟಲಿ. ಕಪ್ಪಿನ ಅಡಿಯನ್ನು ಬಣ್ಣಕ್ಕೆ ಅದ್ದಿ ಸುತ್ತಲೂ ಒತ್ತಿದೆವು, ದುಂಡನೆಯ ಅಂಚಾಯಿತು. ಬಣ್ಣಕ್ಕೆ ಕಾಸು ಬೇಕಾಗಲಿಲ್ಲ. ಅರಸಿನಕ್ಕೆ ಸುಣ್ಣ ಕಲಸಿದರೆ ಕೆಂಪು. ರಾತ್ರಿ ಕೆಲಸ ಬಿಟ್ಟು ಬಂದ ಕಣ್ಣಿಗೆ ಕಾಣುವಂತೆ ಅಕ್ಷರ ದಪ್ಪ ಮಾಡಿದೆವು. ಗಿರಣಿಯವರ ಪಾಳಿಗೆ ಒಂದು ಮೂಲೆ, ಊರಿನಿಂದ ಬಂದ ಸುದ್ದಿಗೆ ಒಂದು ಮೂಲೆ.

ಕೈಬರಹವೆಂದು ಕೆಲವರಿಗೆ ನಾಚಿಕೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಮೋಗ್ಲಿಂಗರು 1843ರಲ್ಲಿ ಹೊರಡಿಸಿದ್ದು ಕಲ್ಲಚ್ಚಿನಲ್ಲಿ. ಮೊಳೆ ಜೋಡಿಸಿದ್ದಲ್ಲ, ಕೈಯಲ್ಲಿ ಬರೆದದ್ದೇ ಕಲ್ಲಿನಿಂದ ಕಾಗದಕ್ಕೆ ಇಳಿದಿತ್ತು. ನಮಗೇಕೆ ನಾಚಿಕೆ?

ಮೊನ್ನೆ ಲೋಟ ತೊಳೆಯುವ ತಮ್ಮನೊಬ್ಬ ಊರಿನ ಮೂಲೆಯ ಮುಂದೆ ನಿಂತಿದ್ದ. ತನ್ನ ಹಳ್ಳಿಯ ಹೆಸರನ್ನು ಬೆರಳಿಟ್ಟು ಕೂಡಿಸಿ ಕೂಡಿಸಿ ಓದುತ್ತಿದ್ದ. ಬರುವ ಸಂಚಿಕೆಯಲ್ಲಿ ಆ ಮೂಲೆ ಅವನದು. ತಪ್ಪಾದರೆ ತಿದ್ದಲು ಪಕ್ಕದಲ್ಲಿ ಯಾರು ಕೂರುತ್ತೀರಿ, ಈಗಲೇ ಹೆಸರು ಕೊಡಿ.