ಇದೇನು ಚಿತ್ರ?



ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್ ನೀವೆಲ್ಲ ನೋಡಿದ್ದೀರಿ. ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ. ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧವಿದೆ. ಆನೆ, ಕುದುರೆ, ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೈಲಿ. ಅದು ಕಥೆ ಹೇಳುತ್ತದೆ. ಒಳಗಿನ ಹೂಬಳ್ಳಿಗಳು ಕಣ್ಣಿಗೆ ತಂಪು. ಅವನ್ನು ಕಂಡು ‘ಇದೇನು ಚಿತ್ರ?’ ಎಂದು ಯಾರೂ ಕೇಳುವುದಿಲ್ಲ.

ಅಮೂರ್ತ ಚಿತ್ರ ಕಂಡರೆ ಕೇಳುತ್ತಾರೆ. ನಾನೂ ಕೇಳಿದವನೇ. ಡ್ರಾಯಿಂಗ್ ಮೇಷ್ಟ್ರಾದ ಹೊಸತರಲ್ಲಿ, ಬೇರೊಂದು ಶಾಲೆಯಲ್ಲಿ, ‘ನಮ್ಮೂರು’ ಬರೆಯಿರಿ ಎಂದೆ. ಪಾಂಡವಪುರದ ನಾಲೆ ಬಯಲಿನ ಮಕ್ಕಳು ಗದ್ದೆ, ತೆಂಗು, ಆಲೆಮನೆ ಬರೆದರು. ನಾಗಮಂಗಲದ ಕಡೆಯ ಹುಡುಗನೊಬ್ಬ ಹಾಳೆ ತುಂಬ ಕೆಮ್ಮಣ್ಣಿನ ಬಣ್ಣ ಬಳಿದು, ಅಂಚಿನಲ್ಲಿ ಒಂದೇ ನೀಲಿ ಗೆರೆ ಎಳೆದಿದ್ದ. ‘ಮನೆ ಎಲ್ಲೋ, ಮರ ಎಲ್ಲೋ?’ ಎಂದು ಗದರಿದೆ. ತರಗತಿಯೇ ನಕ್ಕಿತು. ಆಮೇಲೆ ಅವನು ಎಲ್ಲರಂತೆ ಮನೆ, ಮರ ಬರೆದ.

ಎಷ್ಟೋ ವರ್ಷದ ಮೇಲೆ, ಬೇಸಿಗೆಯಲ್ಲಿ ಬಸ್ಸಿನಿಂದ ಆ ಕಡೆಯ ಒಣಗಿದ ಕೆರೆಯೊಂದನ್ನು ನೋಡಿದೆ. ಆ ಹಾಳೆ ಕಣ್ಣಮುಂದೆ ಬಂತು. ಹುಡುಗ ಬರೆದದ್ದು ಊರಿನ ಬಾಯಾರಿಕೆಯನ್ನು.

ನಾಗಸ್ವರದ ಆಲಾಪನೆಯಲ್ಲಿ ಮಾತಿಲ್ಲ, ಆದರೂ ತಲೆದೂಗುತ್ತೇವೆ. ಬಣ್ಣಕ್ಕೂ ಅಷ್ಟು ಅವಕಾಶ ಕೊಡೋಣ. ಯುದ್ಧದ ಚಿತ್ರವೂ ಬೇಕು, ಹೂಬಳ್ಳಿಯೂ ಬೇಕು, ಇದೂ ಬೇಕು. ಮಕ್ಕಳು ಇಂಥ ಚಿತ್ರ ತಂದರೆ, ಅಂಕ ಹಾಕುವ ಮೊದಲು ಒಂದು ಗಳಿಗೆ ಸುಮ್ಮನೆ ನೋಡಿ. ಆಮೇಲೆ ‘ಹೇಳಪ್ಪ’ ಎನ್ನಿ. ನಾನು ಅಂದು ಅದನ್ನು ಹೇಳಲಿಲ್ಲ.